ಗಂಡನ ಶುಗರ್ ಕೇಳದೆ ಹೆಂಡತಿಗೇಕೆ ಚಿಕಿತ್ಸೆ?

ಮದುವೆಯಾಗಿ ಎರಡು ವರ್ಷ ಕಳೆದರೂ ಮಗುವಾಗದಿದ್ದರೆ ನಮ್ಮಲ್ಲಿ ಮೊದಲು ಆಸ್ಪತ್ರೆ ಮೆಟ್ಟಿಲು ಹತ್ತುವವಳು ಹೆಂಡತಿ. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಹರಕೆ, ನಾಗಪ್ರತಿಷ್ಠೆ ಎಲ್ಲ ಮುಗಿದ ಮೇಲೆ ಗಂಡನ ಸರದಿ. ಆಗಲೂ ಅವನ ಸಕ್ಕರೆ ಕಾಯಿಲೆಯ ಸುದ್ದಿ ಎತ್ತುವವರು ಕಡಿಮೆ. ಈ ಮೌನ ಇನ್ನು ನಡೆಯದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ 2023ರ ವರದಿ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಯುರೋಪಿನವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಈ ಕಾಯಿಲೆ ನಮ್ಮವರನ್ನು ಹಿಡಿಯುತ್ತದೆ. ಅಂದರೆ ಕೆಲವರಿಗೆ ಮಕ್ಕಳಾಗಬೇಕಾದ ಹೊತ್ತಿನಲ್ಲೇ.

ಹತೋಟಿ ತಪ್ಪಿದ ಸಕ್ಕರೆ ವೀರ್ಯಾಣುವಿನ ಚಲನೆಯನ್ನು ಕುಗ್ಗಿಸುತ್ತದೆ, ಅದರೊಳಗಿನ ಡಿಎನ್‌ಎಗೂ ಪೆಟ್ಟು ಕೊಡುತ್ತದೆ. ರಕ್ತನಾಳ ಮತ್ತು ನರಗಳು ಸೊರಗಿದಾಗ ನಿಮಿರುವಿಕೆ ಸೋಲುತ್ತದೆ. ಇನ್ನೊಂದು ತೊಂದರೆಯಂತೂ ಅನೇಕರಿಗೆ ಗೊತ್ತೇ ಆಗುವುದಿಲ್ಲ. ಮೂತ್ರಕೋಶದ ಬಾಯಿಯನ್ನು ಬಿಗಿಹಿಡಿಯುವ ನರ ದುರ್ಬಲವಾದರೆ ವೀರ್ಯ ಹೊರಬರುವ ಬದಲು ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುತ್ತದೆ. ಸುಖಕ್ಕೆ ಅಡ್ಡಿಯಿಲ್ಲ, ನೋವೂ ಇಲ್ಲ. ಆದ್ದರಿಂದ ಗಂಡಸು ಬಾಯಿ ಬಿಡುವುದಿಲ್ಲ. ಸ್ಖಲನದ ನಂತರದ ಮೂತ್ರವನ್ನು ಪರೀಕ್ಷಿಸಿದರೆ ಇದು ಪತ್ತೆಯಾಗುತ್ತದೆ. ಆ ಮೂತ್ರದಿಂದಲೇ ವೀರ್ಯಾಣು ಬೇರ್ಪಡಿಸಿ ಮಗು ಪಡೆಯುವ ದಾರಿಯೂ ಇದೆ. ಇಷ್ಟು ಸರಳ ಪರೀಕ್ಷೆ ನಡೆಯದೆ ದಂಪತಿ ವರ್ಷಗಟ್ಟಲೆ ಕೊರಗುವುದು ನನಗೆ ಅನ್ಯಾಯವೆನಿಸುತ್ತದೆ.

ಔಷಧದ ಮಾತಿಗೆ ಬಂದರೆ ಗಾಬರಿಯೂ ಬೇಡ, ಉಡಾಫೆಯೂ ಬೇಡ. ಡೆನ್ಮಾರ್ಕಿನಲ್ಲಿ 11 ಲಕ್ಷಕ್ಕೂ ಹೆಚ್ಚು ಜನನಗಳನ್ನು ಪರಿಶೀಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಗರ್ಭಧಾರಣೆಗೆ ಮುಂಚಿನ ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಪಡೆದಿದ್ದ ತಂದೆಯರ ಮಕ್ಕಳಲ್ಲಿ ಜನ್ಮದೋಷ ಶೇ 5.2, ಉಳಿದವರಲ್ಲಿ ಶೇ 3.3. ಮಾತ್ರೆಯೇ ಕಾರಣವೆಂದು ಅದು ಸಾಬೀತುಪಡಿಸಲಿಲ್ಲ. ನಾರ್ವೆ ಮತ್ತು ತೈವಾನಿನ ಲಕ್ಷಾಂತರ ಜನನಗಳನ್ನು ನೋಡಿದ 2024ರ ಅಧ್ಯಯನಕ್ಕೆ ಅಂಥ ನಂಟು ಕಾಣಲಿಲ್ಲ. ಹೆದರಿ ಮಾತ್ರೆ ಬಿಟ್ಟರೆ ಏರುವ ಸಕ್ಕರೆಯೇ ವೀರ್ಯಾಣುವನ್ನು ಹಾಳುಮಾಡುತ್ತದೆ.

ನನ್ನನ್ನು ನಿಜಕ್ಕೂ ಕಂಗೆಡಿಸಿರುವುದು ಟೆಸ್ಟೋಸ್ಟೆರಾನ್ ಇಂಜೆಕ್ಷನ್. ಟೈಪ್ 2 ಮಧುಮೇಹವಿರುವ ಅನೇಕ ಗಂಡಸರಲ್ಲಿ ಈ ಹಾರ್ಮೋನು ಕಡಿಮೆಯಿರುತ್ತದೆ. ಸುಸ್ತು, ನಿರಾಸಕ್ತಿ ಎಂದು ಹೋದವರಿಗೆ, ಜಿಮ್‌ಗಳಲ್ಲಿ ಮೈ ಬೆಳೆಸುವವರಿಗೆ ಅದು ಸಲೀಸಾಗಿ ಸಿಗುತ್ತಿದೆ. ಹೊರಗಿನಿಂದ ಹಾರ್ಮೋನು ಬಂದರೆ ಮಿದುಳು ವೃಷಣಕ್ಕೆ ಕಳಿಸುವ ಸಂಕೇತ ನಿಲ್ಲುತ್ತದೆ, ವೀರ್ಯಾಣು ಶೂನ್ಯಕ್ಕೂ ಇಳಿಯಬಹುದು. ಬಿಟ್ಟ ಮೇಲೆ ಚೇತರಿಕೆಗೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಕ್ಕೂ ಹೆಚ್ಚು. ‘ಮಗು ಬೇಕೆಂದಿದ್ದೀರಾ?’ ಎಂದು ಕೇಳದೆ ಈ ಇಂಜೆಕ್ಷನ್ ಬರೆಯಕೂಡದು.

ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಮೂರು ತಿಂಗಳು ಬೇಕು. ಮಗುವಿಗೆ ಯೋಚಿಸುವ ಮಧುಮೇಹಿ ಕನಿಷ್ಠ ಅಷ್ಟು ಮೊದಲೇ ಸಕ್ಕರೆಯನ್ನು ಹತೋಟಿಗೆ ತರಬೇಕು, ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಬೇಕು. ಶುಗರ್ ಕ್ಲಿನಿಕ್‌ಗಳಲ್ಲಿ ಕಣ್ಣು, ಕಾಲು, ಕಿಡ್ನಿ ತಪಾಸಣೆ ರೂಢಿಯಾಗಿದೆ. ಅದೇ ಚೀಟಿಯಲ್ಲಿ ಸಂತಾನದ ಪ್ರಶ್ನೆಯೂ ಸೇರಲಿ. ಬಂಜೆತನದ ಚಿಕಿತ್ಸಾಲಯಗಳೂ ಹೆಂಡತಿಗೆ ಮೊದಲ ಇಂಜೆಕ್ಷನ್ ಕೊಡುವ ಮುಂಚೆ ಗಂಡನ ವೀರ್ಯ ಪರೀಕ್ಷೆಯ ಜೊತೆಗೆ ಮೂರು ತಿಂಗಳ ಸರಾಸರಿ ಸಕ್ಕರೆಯ ವರದಿಯನ್ನೂ ಕೇಳಲಿ.