ಹಿತ್ತಲಲ್ಲಿ ನಾಲ್ಕು ಗಿಡ ಯಾಕೆ ಬೇಕು?

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ನನ್ನ ಅನಿಸಿಕೆಯನ್ನು ಬರೆದಿದ್ದೇನೆ. ಓದಿ ನೋಡಿ. ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ನೀವೂ ಬರೆಯಿರಿ, ಜಗಳ ಬೇಡ.

ನಮ್ಮದು ಕೋಲಾರ ಜಿಲ್ಲೆ, ಟೊಮೆಟೊಗೆ ಹೆಸರಾದ ಜಿಲ್ಲೆ. ಇಲ್ಲಿಂದ ಲಾರಿಗಟ್ಟಲೆ ಹಣ್ಣು ಹೊರ ರಾಜ್ಯಗಳಿಗೂ ಹೋಗುತ್ತದೆ. ಆದರೆ ನಮ್ಮ ಬೀದಿಯಲ್ಲಿ ಟೊಮೆಟೊ ಗಿಡ ಇರುವ ಹಿತ್ತಲು ಎಷ್ಟು ಗೊತ್ತಾ? ಎರಡೇ ಎರಡು. ಸೌತೆ ಬಳ್ಳಿ ಅಂತೂ ಒಂದೂ ಇಲ್ಲ. ಕೇಳಿದರೆ ದೊಡ್ಡವರು "ಹೊಲದಲ್ಲೇ ಬೆಳೀತೀವಲ್ಲ, ಹಿತ್ತಲಲ್ಲಿ ಯಾಕಮ್ಮ?" ಅಂತಾರೆ.

ಯಾಕೆ ಅಂತ ಹೇಳುತ್ತೇನೆ. 2023ರ ಜುಲೈ ತಿಂಗಳು ನೆನಪಿದೆಯಾ? ಆಗ ನಾವು ಐದನೇ ತರಗತಿ. ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸಿಗೆ 2000 ರೂಪಾಯಿ ದಾಟಿತ್ತು. ಅಂಗಡಿಯಲ್ಲಿ ಕೆಜಿಗೆ ನೂರರ ಮೇಲೆ. ಆ ತಿಂಗಳು ಹೊಲದಲ್ಲಿ ಹಣ್ಣು ಇದ್ದವರು ಗೆದ್ದರು, ಇಲ್ಲದವರು ಬರೀ ಹುಣಸೆಹಣ್ಣಿನ ಸಾರು ಉಂಡರು. ಸೆಪ್ಟೆಂಬರ್ ಹೊತ್ತಿಗೆ ಅದೇ ಟೊಮೆಟೊ ಕೇಳೋರಿಲ್ಲ. ಹೊಲದ ಬೆಳೆ ಮಂಡಿಗೆ ಸೇರಿದ್ದು. ಸಾಲ ಮಾಡಿ ಬೀಜ, ಗೊಬ್ಬರ, ಔಷಧಿ ತಂದಿರುತ್ತಾರೆ, ಒಳ್ಳೆ ಬೆಲೆ ಬಂದಾಗ ಮನೆಗೆ ಅಂತ ಒಂದು ಕೆಜಿ ಎತ್ತಿಡೋಕೂ ಮನಸ್ಸು ಬರೋದಿಲ್ಲ. ಹಿತ್ತಲ ಗಿಡಕ್ಕೆ ಮಂಡಿ ರೇಟು ಗೊತ್ತಿಲ್ಲ. ಅದರ ಪಾಡಿಗೆ ಅದು ಕಾಯಿ ಬಿಡುತ್ತೆ.

ಹೊಸದಾಗಿ ಶುರು ಮಾಡುವವರು ಮೊದಲು ಸೌತೆ ಹಾಕಬೇಕು, ಆಮೇಲೆ ಟೊಮೆಟೊ ಅನ್ನೋದು ನನ್ನ ವಾದ. ನಮ್ಮೂರಲ್ಲಿ ಎಲ್ಲರೂ ಟೊಮೆಟೊ ಅಂತಲೇ ಹೊರಡುತ್ತಾರೆ. ಟೊಮೆಟೊಗೆ ಮೊದಲು ಮಡಿಯಲ್ಲಿ ಸಸಿ ಮಾಡಬೇಕು, ಅದಕ್ಕೇ 25 ದಿನ. ಕಿತ್ತು ನೆಟ್ಟ ಮೇಲೆ ಹಣ್ಣಿಗೆ ಇನ್ನೂ ಎರಡು ತಿಂಗಳು. ಸೌತೆ ಬೀಜ ನೇರ ಗುಣಿಗೇ ಹಾಕೋದು. ಅದರ ಬೇರಿಗೆ ಕಿತ್ತು ನೆಟ್ಟರೆ ಆಗಿಬರೋದಿಲ್ಲ. ಗುಣಿಗೆ ಎರಡು ಬುಟ್ಟಿ ಹಳೆ ತಿಪ್ಪೆಗೊಬ್ಬರ, ಮೂರು ಬೀಜ, ಹುಟ್ಟಿದ ಮೇಲೆ ಚೆನ್ನಾಗಿರೋದು ಎರಡು ಉಳಿಸಿದರೆ ಸಾಕು. ಸುಮಾರು 45–50 ದಿನಕ್ಕೆ ಕಾಯಿ. ಈ ಜೂನ್ ಮಧ್ಯದಲ್ಲಿ ಹಾಕಿದರೆ ಆಗಸ್ಟ್ 15ರ ಧ್ವಜಾರೋಹಣದ ಹೊತ್ತಿಗೆ ಉಪ್ಪು ಖಾರ ಹಚ್ಚಿ ತಿನ್ನಬಹುದು. ಟೊಮೆಟೊ ಸಸಿಯನ್ನು ಜುಲೈಯಲ್ಲಿ ನೆಟ್ಟರೆ ದಸರಾ ರಜೆಗೆ ಮುಂಚೆ ಹಣ್ಣು. ನೆಡುವಾಗ ಕಾಂಡವನ್ನು ಸ್ವಲ್ಪ ಆಳಕ್ಕೆ ಹೂಳಿ, ಮಣ್ಣೊಳಗಿನ ಕಾಂಡದಿಂದಲೂ ಬೇರು ಬರುತ್ತೆ. ಒಂದು ಕೋಲು ನೆಟ್ಟು ಕಟ್ಟಬೇಕು, ಹಣ್ಣು ನೆಲಕ್ಕೆ ತಾಗಿದರೆ ಕೊಳೆಯುತ್ತೆ.

ಈಗ ಬೆರಳು ತೋರಿಸೋ ವಿಷಯ. ಸೌತೆ ಹೀಚಿಗೆ ಬೆರಳು ತೋರಿಸಿದರೆ ಕೊಳೆತು ಉದುರುತ್ತೆ ಅಂತ ನಮ್ಮಜ್ಜಿ ಹೇಳುತ್ತಾರೆ. ನಾನು ಅಜ್ಜಿಗೆ ಎದುರು ಹೇಳಿಲ್ಲ, ಆದರೆ ಇಲ್ಲಿ ಬರೆಯುತ್ತೇನೆ (ಅಜ್ಜಿ ಶಾಲೆಗೆ ಬರೋದಿಲ್ಲ). ಸೌತೆಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮೊದಲು ಬರೋದು ಗಂಡು ಹೂವು, ಅವು ಉದುರಿದರೆ ಹೆದರಬೇಡಿ. ಹೆಣ್ಣು ಹೂವಿನ ಹಿಂದೆ ಚಿಕ್ಕ ಕಾಯಿ ಥರ ಇರುತ್ತೆ. ಗಂಡು ಹೂವಿನ ಪರಾಗವನ್ನು ಜೇನುಹುಳ ತಂದು ಮುಟ್ಟಿಸದಿದ್ದರೆ ಆ ಹೀಚು ಹಳದಿಯಾಗಿ ಉದುರುತ್ತೆ. ಬೆರಳಿನ ತಪ್ಪಲ್ಲ, ಜೇನು ಬರದ ತಪ್ಪು. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಒಟ್ಟಿಗೇ ಇರೋದರಿಂದ ಅದಕ್ಕೆ ಗಾಳಿ ಅಲ್ಲಾಡಿಸಿದರೂ ನಡೆಯುತ್ತೆ.

ಜೇನು ಯಾಕೆ ಬರೋದಿಲ್ಲ? ಬೆಳಿಗ್ಗೆ ಹೂವು ಅರಳಿರುವಾಗಲೇ ಸುತ್ತಮುತ್ತಲ ತೋಟಗಳಲ್ಲಿ ಔಷಧಿ ಹೊಡೆಯುತ್ತಾರೆ. ದೊಡ್ಡವರಿಗೆ ಬುದ್ಧಿ ಹೇಳುವ ವಯಸ್ಸು ನನ್ನದಲ್ಲ. ಹೊಡೆಯಲೇಬೇಕು ಅಂದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ ಅಂತ ಕೈಮುಗಿದು ಕೇಳುತ್ತೇನೆ. ಹಿತ್ತಲ ಗಿಡಕ್ಕಂತೂ ಔಷಧಿ ಬೇಡವೇ ಬೇಡ. ನಾಲ್ಕು ಗಿಡದ ಹುಳ ಕೈಯಲ್ಲೇ ಆರಿಸಬಹುದು. ಬಿಳಿ ನೊಣದಿಂದ ಟೊಮೆಟೊ ಎಲೆ ಮುರುಟಿಕೊಂಡರೆ ಆ ಗಿಡ ಕಿತ್ತು ದೂರ ಹಾಕಬೇಕು. ಪಾಪ ಅಂತ ಬಿಟ್ಟರೆ ಪಕ್ಕದ್ದಕ್ಕೂ ಅಂಟುತ್ತೆ.

ನೀರೆಲ್ಲಿದೆ ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ನಮ್ಮ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿದರೂ ಕೆಲವು ಕಡೆ ಬರೀ ಧೂಳು. ನಲ್ಲಿ ನೀರನ್ನು ಗಿಡಕ್ಕೆ ಹಾಕಿ ಅಂತ ನಾನು ಹೇಳೋದಿಲ್ಲ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲಿಗೆ ಹೋಗುತ್ತೆ? ಬೀದಿಗೆ. ನಮ್ಮ ಶಾಲೆಯಲ್ಲಿ ಬಿಸಿಯೂಟ ಆದ ಮೇಲೆ ಎಲ್ಲರೂ ತಟ್ಟೆ ತೊಳೆಯುತ್ತೇವಲ್ಲ, ಆ ನೀರು ಗೇಟಿನ ಹತ್ತಿರ ನಿಂತು ಕೆಸರಾಗಿ ಸೊಳ್ಳೆ ಆಗಿದೆ. ಅಲ್ಲಿಂದ ಕಾಂಪೌಂಡ್ ಗೋಡೆವರೆಗೆ ಹತ್ತು ಹೆಜ್ಜೆ. ಒಂದು ಸಣ್ಣ ಕಾಲುವೆ ತೆಗೆದರೆ ಗೋಡೆ ಪಕ್ಕ ಆರು ಗುಣಿ ಸೌತೆಗೆ ಸಾಕಾಗುತ್ತೆ, ಬಳ್ಳಿ ಹಬ್ಬೋಕೆ ಗೋಡೆಯೂ ಇದೆ. ಬುಡಕ್ಕೆ ಒಣ ಹುಲ್ಲು ಮುಚ್ಚಿದರೆ ತೇವ ಆರೋದಿಲ್ಲ. ಒಂದು ದಿನ ತುಂಬ ನೀರು, ನಾಲ್ಕು ದಿನ ಒಣ ಅಂತ ಮಾಡಿದರೆ ಟೊಮೆಟೊ ಕೆಳಭಾಗ ಕಪ್ಪಾಗುತ್ತೆ, ಸೌತೆ ಕಹಿಯಾಗುತ್ತೆ. ತುದಿ ಕೊಯ್ದು ಉಜ್ಜಿ ನೊರೆ ತೆಗೆದರೆ ಕಹಿ ಹೋಗುತ್ತೆ ಅಂತಾರೆ. ಕಹಿ ಹೆಚ್ಚಾಗಿ ಇರೋದು ತೊಟ್ಟಿನ ಕಡೆ, ಆ ತುಂಡು ಬಿಸಾಕೋದರಿಂದ ಕಡಿಮೆ ಆಗುತ್ತೆ ಅಂತ ನನ್ನ ಊಹೆ. ತುಂಬ ಕಹಿ ಇದ್ದರೆ ಮಾತ್ರ ತಿನ್ನಲೇಬೇಡಿ, ಹೊಟ್ಟೆ ಕೆಡುತ್ತೆ.

ಇನ್ನೊಂದು ಮಾತು. ಜನತಾ ಮನೆಗಳಿಗೆ ಹಿತ್ತಲೇ ಇಲ್ಲ. ನಮ್ಮ ತರಗತಿಯಲ್ಲೇ ಅಂಥ ಮನೆಯ ಮಕ್ಕಳಿದ್ದಾರೆ. "ಎಲ್ಲರ ಹಿತ್ತಲಲ್ಲಿ" ಅಂತ ಬರೆದರೆ ಅವರನ್ನು ಬಿಟ್ಟಂತೆ. ಬಿಸಿಯೂಟದ ಅಕ್ಕಿ ಖಾಲಿ ಚೀಲಕ್ಕೆ ಅರ್ಧ ಮಣ್ಣು, ಅರ್ಧ ಗೊಬ್ಬರ ತುಂಬಿ ಬಾಗಿಲ ಪಕ್ಕ ಬಿಸಿಲಲ್ಲಿ ಇಟ್ಟರೆ ಒಂದು ಟೊಮೆಟೊ ಗಿಡ ಆರಾಮಾಗಿ ಬರುತ್ತೆ. ಚೀಲದ ಕೆಳಗೆ ತೂತು ಮಾಡಬೇಕು. ಔಷಧಿ ಡಬ್ಬ ಎಷ್ಟೇ ತೊಳೆದಿದ್ದರೂ ಬೇಡ. ಆ ಚೀಲಗಳನ್ನು ಬೇಕಾದವರಿಗೆ ಕೊಡಿಸಬೇಕೆಂದು ಗುರುಗಳಲ್ಲಿ ವಿನಂತಿ.

ಕೆಲಸದ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಹೋದ ವರ್ಷ ಹೂವಿನ ಗಿಡಕ್ಕೆ ನೀರು ಹೊತ್ತಿದ್ದು ಹುಡುಗೀರು, ಗುದ್ದಲಿ ಹಿಡಿದು ಫೋಟೋಗೆ ನಿಂತಿದ್ದು ಹುಡುಗರು. ಈ ಸಲ ಪಾಳಿ ಹಾಕೋಣ, ಗುದ್ದಲಿಗೂ ಬಿಂದಿಗೆಗೂ. ಸೌತೆಕಾಯಿಯನ್ನೂ ಎಣಿಸಿಯೇ ಹಂಚೋಣ.

ನಾಟಿ ಸೌತೆ ಬೀಜ ನಮ್ಮನೆಯಲ್ಲಿದೆ, ಬೂದಿ ಹಚ್ಚಿ ಇಟ್ಟಿದ್ದೇವೆ. ಸೋಮವಾರ ತರುತ್ತೇನೆ. ಟೊಮೆಟೊ ಬೀಜಕ್ಕೆ ಸಂತೆಯ ಹೈಬ್ರಿಡ್ ಹಣ್ಣು ಹಿಂಡಬೇಡಿ, ಅದರ ಬೀಜದ ಗಿಡ ತಾಯಿಯ ಹಾಗೆ ಬರೋದಿಲ್ಲ. ನಾಟಿ ಹಣ್ಣು ಇದ್ದವರು ಒಂದೆರಡು ತನ್ನಿ. ಗುದ್ದಲಿ ಯಾರ ಮನೆಯಲ್ಲಿದೆ ಅಂತ ಈ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ.

– ಏಳನೇ ತರಗತಿಯ ವಿದ್ಯಾರ್ಥಿನಿ