ಮೊದಲ ಸರದಿ ಕಿರಿಯವನದು

ಮೇಜಿನ ಮೇಲೆ ದೊಡ್ಡವಳ ಭಿನ್ನರಾಶಿ, ಪಕ್ಕದಲ್ಲಿ ನಡುವಿನವನ ಕಾಪಿ ಪುಸ್ತಕ. ಇಬ್ಬರ ಮಧ್ಯೆ ನೀವು. ಅಷ್ಟರಲ್ಲಿ ಎರಡೂವರೆ ವರ್ಷದ ಕಿರಿಯವನು ಕುರ್ಚಿ ಹತ್ತಿ ಅಕ್ಕನ ಪುಸ್ತಕದ ತುಂಬ ಕ್ರೇಯಾನ್ ಗೀಚಿರುತ್ತಾನೆ. ಅಕ್ಕ ಕಿರುಚುತ್ತಾಳೆ, ಅವನು ಅಳುತ್ತಾನೆ, ನಿಮ್ಮ ಕೈ ತಾನಾಗಿ ಟ್ಯಾಬ್ಲೆಟ್ ಕಡೆ ಹೋಗುತ್ತದೆ. ಹೋಮ್‌ಸ್ಕೂಲ್ ಮಾಡುವ ಮನೆಗಳಲ್ಲಿ ಇದು ದಿನಬೆಳಗಿನ ಕಥೆ. ಜರ್ಮನಿಯಂತೆ ಶಾಲೆಗೆ ಕಳಿಸಲೇಬೇಕಾದ ದೇಶದಲ್ಲಿದ್ದರೆ, ಹೋಮ್‌ವರ್ಕಿನ ಹೊತ್ತಿನಲ್ಲೋ ಶನಿವಾರದ ಕನ್ನಡ ಪಾಠದ ಹೊತ್ತಿನಲ್ಲೋ ನೀವೂ ಇದನ್ನು ಕಂಡಿರುತ್ತೀರಿ.

ನಮ್ಮ ಮನೆಯಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಗೊಂಬೆ. ಕಿರಿಯವನು ಅದನ್ನು ಸೋಫಾದ ಮೇಲೆ ಕೂರಿಸಿ, ಬೆರಳು ತೋರಿಸುತ್ತಾ, “ನಾಟ್ ನೌ, ನಾಟ್ ನೌ” ಅಂತ ಗದರುತ್ತಿದ್ದ. ಅದು ನನ್ನದೇ ಧಾಟಿ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಹಾಗಾಗಿ ಅವನನ್ನು ಆಚೆ ಕಳಿಸುವ ಮಾತೂ ಇಂಗ್ಲಿಷಿನಲ್ಲೇ ಬರತೊಡಗಿತ್ತು. ಅಕ್ಕ, ಅಣ್ಣ ತಮ್ಮತಮ್ಮಲ್ಲಿ ಆಡುವುದೂ ಇಂಗ್ಲಿಷೇ. ಮೊದಲ ಮಗಳಿಗೆ ಮನೆತುಂಬ ಕನ್ನಡ ಸಿಕ್ಕಿತ್ತು. ಮೂರನೆಯವನಿಗೆ ಉಳಿದದ್ದು ಗದ್ದಲದ ನಡುವಿನ ಚೂರುಪಾರು. ಅವನನ್ನು ಸುಮ್ಮನಿರಿಸುವುದಷ್ಟೇ ಪ್ರಶ್ನೆ ಅಂದುಕೊಂಡಿದ್ದೆ. ಅವನ ಪಾಲಿನ ಭಾಷೆಯೇ ಕೈಜಾರುತ್ತಿತ್ತು.

ಈಗ ಪುಸ್ತಕ ತೆರೆಯುವ ಮೊದಲು 15 ನಿಮಿಷ ಅವನಿಗೇ ಮೀಸಲು. ಫೋನ್ ಬೇರೆ ಕೋಣೆಯಲ್ಲಿ. ನೆಲದ ಮೇಲೆ ಕೂತು ಅವನು ಹೇಳಿದ ಆಟ, ಮಾತೆಲ್ಲ ಕನ್ನಡದಲ್ಲಿ. ನೀವೂ ಮಾಡಿ ನೋಡಿ. ಸಾಕಷ್ಟು ಹೊತ್ತು ತೊಡೆಯ ಮೇಲಿದ್ದ ಮಗು ತಾನೇ ಇಳಿದು ಆಟಕ್ಕೆ ಹೋಗುತ್ತದೆ. “ಆಮೇಲೆ” ಕೇಳಿ ಕೇಳಿ ಸಾಕಾದ ಮಗು ಸೆರಗು ಬಿಡುವುದಿಲ್ಲ.

ಎರಡನೆಯದು, ಪಾಠದ ಬುಟ್ಟಿ. ದೊಡ್ಡವರ ಪಾಠದ ಹೊತ್ತಿನಲ್ಲಿ ಮಾತ್ರ ಅದು ಕೆಳಗಿಳಿಯಬೇಕು. ಒಂದು ದಿನ ಸ್ಟೀಲ್ ಡಬ್ಬಿಗಳು ಮತ್ತು ಮುಚ್ಚಳಗಳು, ಇನ್ನೊಂದು ದಿನ ಚಪಾತಿ ಹಿಟ್ಟಿನ ಉಂಡೆ ಮತ್ತು ಪುಟ್ಟ ಲಟ್ಟಣಿಗೆ, ಮತ್ತೊಂದು ದಿನ ಜೋಡಿ ಹುಡುಕಲು ಕಾಲುಚೀಲಗಳು. ಈ ವಯಸ್ಸಿನ ಮಗು ಒಂದು ಆಟಕ್ಕೆ ಹತ್ತು ನಿಮಿಷ ಕೂತರೆ ಅದೇ ದೊಡ್ಡದು. ಆದ್ದರಿಂದ ಪಾಠವನ್ನೂ ಹತ್ತು-ಹದಿನೈದು ನಿಮಿಷದ ತುಂಡುಗಳಾಗಿ ಮಾಡಿಕೊಳ್ಳಿ. ತಲೆ ಕೆಡಿಸುವ ಗಣಿತ ಅವನು ಮಧ್ಯಾಹ್ನ ಮಲಗಿದ ಮೇಲಿರಲಿ.

ಇಲ್ಲೊಂದು ಎಚ್ಚರ. ಊರಿನ ನೆನಪಿನಲ್ಲಿ ಕವಡೆ, ಹುಣಸೆಬೀಜ, ಕಾಳು ಕೊಡಬೇಡಿ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯೊಳಗೆ ಹೋಗುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನೀರಾಟವಾದರೆ ನಿಮ್ಮ ಕೈಗೆ ಎಟಕುವಷ್ಟು ಹತ್ತಿರವೇ ಆಗಲಿ, ಮುಗಿದ ಕೂಡಲೇ ನೀರು ಚೆಲ್ಲಿಬಿಡಿ. ಬಕೆಟ್ಟಿನ ತಳದಲ್ಲಿ ಉಳಿದ ಎರಡು ಅಂಗುಲ ನೀರೂ ಪುಟ್ಟ ಮಗುವಿಗೆ ಅಪಾಯವೇ.

ಮೂರನೆಯದು, ದೊಡ್ಡ ಮಕ್ಕಳ ಪಾಳಿ. ಅಕ್ಕನ ಗಣಿತ ನಡೆಯುವಾಗ ಅಣ್ಣ ತಮ್ಮನಿಗೆ ಕನ್ನಡ ಕಥೆ ಓದಲಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಹಂತಹಂತವಾಗಿ, ಉಚಿತವಾಗಿ ಸಿಗುತ್ತವೆ. ಮೊದಲ ಹಂತದ ಪುಸ್ತಕ ಏಳು ವರ್ಷದವನಿಗೆ “ಪಾಪುವಿನ ಪುಸ್ತಕ” ಅನ್ನಿಸಿ ಬೇಸರವಾಗಬಹುದು. ತಮ್ಮನಿಗಾಗಿ ಓದುವಾಗ ಆ ಸಂಕೋಚ ಇರುವುದಿಲ್ಲ. ಒತ್ತಕ್ಷರದಲ್ಲಿ ತಡವರಿಸಿದರೂ ಕೇಳುವವನು ತಪ್ಪು ಹಿಡಿಯುವುದಿಲ್ಲ. ಆ ಹದಿನೈದು ನಿಮಿಷ ಇಬ್ಬರಿಗೂ ಕನ್ನಡ ಪಾಠವೇ.

ಕಿರಿಯವನಿಗೂ ಮೇಜಿನ ಬಳಿ ಒಂದು ಕೆಲಸ ಕೊಡಿ. ಪೆನ್ಸಿಲ್ ಹಂಚುವುದು, ಮೇಜು ಒರೆಸುವುದು, ಬಟ್ಟೆ ಮಡಚುವುದು. “ಅಕ್ಕನಿಗೊಂದು, ಅಣ್ಣನಿಗೊಂದು” ಅನ್ನುತ್ತಾ ಹಂಚುವಾಗ ಎಣಿಕೆ, ಸಂಬಂಧದ ಹೆಸರು, ವಿಭಕ್ತಿ ಎಲ್ಲವೂ ಬಾಯಿಗೆ ಬರುತ್ತವೆ.

ಇಷ್ಟಾದರೂ ಕೆಲವು ದಿನ ಏನೂ ನಡೆಯುವುದಿಲ್ಲ. ಹಲ್ಲು ಬರುತ್ತಿರುತ್ತದೆ, ನೆಗಡಿಯಾಗಿರುತ್ತದೆ, ನಿಮಗೇ ನಿದ್ದೆಯಿರುವುದಿಲ್ಲ. ಅಂದು ಕಾರ್ಟೂನ್ ಹಾಕಿದರೆ ಅಪರಾಧವೇನಲ್ಲ. ಪಾಠ ಒಂದು ದಿನ ಹಿಂದೆ ಬಿದ್ದರೆ ಮರುದಿನ ಹಿಡಿಯಬಹುದು.

ನಾಳೆ ಬೆಳಿಗ್ಗೆ ಬುಟ್ಟಿ ಸಿದ್ಧವಿಲ್ಲದಿದ್ದರೂ ಪರವಾಗಿಲ್ಲ. ಮೊದಲ 15 ನಿಮಿಷ ಕಿರಿಯ ಮಗುವಿಗೆ ಕೊಡಿ. ಭಿನ್ನರಾಶಿ ಅಷ್ಟು ಹೊತ್ತು ಕಾಯುತ್ತದೆ.