‘ಅಮೆರಿಕದ ಡಾಕ್ಟರ್ ಹೇಳಿದ್ದು’ ಎಂಬ ವಾಯ್ಸ್ ನೋಟ್: ನಲವತ್ತು ಹನಿ ರಕ್ತ, ಶಕ್ತಿಯ ಕ್ಯಾಪ್ಸೂಲ್ ಮತ್ತು ಸಿನಿಮಾ

ಆ ವಾಯ್ಸ್ ನೋಟ್ ನನಗೆ ಬಂದದ್ದಲ್ಲ. ನಮ್ಮ ಮನೆಯ ಗಂಡಸರಿಗೇ ಬೇರೆ ಒಂದು ವಾಟ್ಸ್ಆ್ಯಪ್ ಗುಂಪಿದೆ, ಅಲ್ಲಿಗೆ ಬಂದದ್ದು. ಭಾವನ ಫೋನಿನಿಂದ ಅಕ್ಕ ನನಗೆ ಕಳಿಸಿದಳು, ಜೊತೆಗೆ ಒಂದು ಬಾಟಲಿಯ ಫೋಟೊ. ‘ಬೀರುವಿನಲ್ಲಿ ಬಟ್ಟೆ ಕೆಳಗೆ ಇತ್ತು. ಇದೇನು ನೋಡು’ ಎಂದು ಬರೆದಿದ್ದಳು.

ನೋಟ್ ನಾಲ್ಕು ನಿಮಿಷದ್ದು. ಮೇಲೆ ‘ಅಮೆರಿಕದ ಡಾಕ್ಟರ್ ಮಾತು, ತಪ್ಪದೇ ಕೇಳಿ’ ಎಂಬ ಸಾಲು. ಕೇಳಿದರೆ ನ್ಯೂಜೆರ್ಸಿಯಲ್ಲಿರುವ ನಮ್ಮ ಚಿಕ್ಕಪ್ಪನ ದನಿ! ಅವರು ಡಾಕ್ಟರಲ್ಲ, ವಿಮಾ ಕಂಪನಿಯೊಂದರ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಊಟ ಮುಗಿಸಿ ಕೂತು ತಮ್ಮಂದಿರ ಜೊತೆ ಹರಟೆ ಹೊಡೆದದ್ದು ನಾಲ್ಕು ಗುಂಪು ದಾಟುವಷ್ಟರಲ್ಲಿ ವೈದ್ಯರ ಸಲಹೆಯಾಗಿತ್ತು. ನಾನು ಸಂವಹನ ಓದಿದವಳು. ಫಾರ್ವರ್ಡ್ ಆಗುವಾಗ ಹೇಳಿದವರ ಹೆಸರು ಮೊದಲು ಕಳಚಿಕೊಳ್ಳುತ್ತದೆ, ಊರು ಮಾತ್ರ ಉಳಿಯುತ್ತದೆ. ಊರು ಅಮೆರಿಕ ಆಗಿದ್ದರೆ ಕೇಳುವುದೇ ಬೇಡ.

ಚಿಕ್ಕಪ್ಪ ಹೇಳಿದ್ದು ಮೂರು ಮಾತು. ‘ಇಲ್ಲಿ ಎಲ್ಲಾ ಸಿನಿಮಾದಲ್ಲಿ ತೋರಿಸೋ ಹಾಗೇ ಕಣ್ರೋ, ಸ್ಕೂಲ್ ಹುಡುಗರಿಗೂ ಲಗಾಮಿಲ್ಲ. ಅದಕ್ಕೇ ಈಗ ಇವರೇ ಬ್ರಹ್ಮಚರ್ಯಕ್ಕೆ ಬಂದಿದಾರೆ, ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ್ರಾ? ಶಕ್ತಿ ಕಮ್ಮಿ ಆಗಿದ್ರೆ ನಮ್ಮ ಗಿಡಮೂಲಿಕೆ ಕ್ಯಾಪ್ಸೂಲ್ ಇಲ್ಲೇ ಅಂಗಡೀಲಿ ಸಿಗುತ್ತೆ, ಎಫ್‌ಡಿಎ ಅಪ್ರೂವ್ಡ್, ಸೈಡ್ ಎಫೆಕ್ಟೇ ಇಲ್ಲ.’

ಮೊದಲನೆಯದನ್ನು ಬೇಗ ಮುಗಿಸೋಣ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಎರಡು ವರ್ಷಕ್ಕೊಮ್ಮೆ ಹೈಸ್ಕೂಲ್ ಮಕ್ಕಳ ಸಮೀಕ್ಷೆ ಮಾಡುತ್ತದೆ. ಲೈಂಗಿಕ ಸಂಪರ್ಕ ಆಗಿದೆ ಎಂದವರು 1991ರಲ್ಲಿ ಶೇ 54ರಷ್ಟಿದ್ದರು, 2021ರಲ್ಲಿ ಶೇ 30. ತೆರೆಯ ಮೇಲೆ ದೃಶ್ಯಗಳು ಬಿಚ್ಚಿಕೊಳ್ಳುತ್ತಾ ಹೋದ ಅದೇ ಮೂವತ್ತು ವರ್ಷದಲ್ಲಿ ಮನೆಯ ಮಕ್ಕಳ ಲೆಕ್ಕ ಇಳಿದಿದೆ. ಚಿಕ್ಕಪ್ಪ ಅಲ್ಲೇ ಇದ್ದಾರಲ್ಲ, ಅವರಿಗೆ ಕಾಣಲಿಲ್ಲವೇ? ಅವರು ಕಾಣುವ ಅಮೆರಿಕ ಎಂದರೆ ಆಫೀಸು, ದೇವಸ್ಥಾನ, ಕನ್ನಡ ಕೂಟ, ಟೀವಿ. ನೆರೆಮನೆಯವರ ಖಾಸಗಿ ಬದುಕು ಅವರಿಗೂ ನಮ್ಮ ಹಾಗೆ ಟೀವಿಯಿಂದಲೇ ಗೊತ್ತು.

ಎರಡನೆಯದು, ನಲವತ್ತು ಹನಿಯ ಮಾತು, ಇದು ತುಂಬಾ ಜನರ ನಿದ್ದೆ ಕೆಡಿಸಿದೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಮ್ಮೆ ಹೊರಬರುವ ವೀರ್ಯ ಸುಮಾರು 3 ಮಿಲಿಲೀಟರ್. ನಲವತ್ತು ಪಟ್ಟು ಎಂದರೆ 120 ಮಿಲಿ ರಕ್ತ. ರಕ್ತದಾನದಲ್ಲಿ ತೆಗೆಯುವುದು 350 ಮಿಲಿ. ಅಂದರೆ ಮೂರು ಸಲಕ್ಕೆ ಒಂದು ರಕ್ತದಾನ ಆಗಬೇಕು, ಹೊಸದಾಗಿ ಮದುವೆಯಾದವರೆಲ್ಲ ತಿಂಗಳೊಳಗೆ ರಕ್ತಹೀನತೆಯಿಂದ ಆಸ್ಪತ್ರೆ ಸೇರಬೇಕಿತ್ತು. ವೀರ್ಯದ ಬಹುಪಾಲು ದ್ರವ ತಯಾರಾಗುವುದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಲ್ಲಿ. ವೀರ್ಯಾಣುಗಳು ವೃಷಣದಲ್ಲಿ ದಿನವೂ ತಯಾರಾಗುತ್ತಲೇ ಇರುತ್ತವೆ, ಹೊರಹೋಗದೆ ಉಳಿದವನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಕೂಡಿಟ್ಟು ಬಡ್ಡಿ ಬರುವ ಹಣ ಅಲ್ಲ ಅದು.

ಆದರೂ ಈ ಭಯ ಸುಳ್ಳಲ್ಲ. ವೀರ್ಯ ಹೋಗುತ್ತಿದೆ ಎಂಬ ಚಿಂತೆಯಿಂದ ಸುಸ್ತು, ಸೊಂಟ ನೋವು, ನಿದ್ರಾಹೀನತೆ ಎಂದು ಬರುವ ಗಂಡಸರನ್ನು ಕಂಡು, 1960ರಲ್ಲಿ ಮನೋವೈದ್ಯ ಡಾ. ಎನ್.ಎನ್. ವಿಗ್ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಸುಸ್ತು ನಿಜ, ಕಾರಣ ಮಾತ್ರ ಬೇರೆ. ಎಷ್ಟೋ ಸಲ ಅದರ ಹಿಂದೆ ಆತಂಕವೋ ಖಿನ್ನತೆಯೋ ಇರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ.

ಇನ್ನು ‘ಅವರೇ ನಮ್ಮ ದಾರಿಗೆ ಬಂದರು’ ಎನ್ನುವುದು. ಅಮೆರಿಕದಲ್ಲಿ 2011ರಲ್ಲಿ ‘ನೋಫ್ಯಾಪ್’ ಎಂಬ ಆನ್‌ಲೈನ್ ಗುಂಪು ಹುಟ್ಟಿದ್ದು ನಿಜ. ಅಲ್ಲಿ ಪದೇ ಪದೇ ಎತ್ತಿ ತೋರಿಸುವ ಆಧಾರ 2003ರ ಚೀನಾದ ಒಂದು ಪುಟ್ಟ ಅಧ್ಯಯನ. ಸಂಯಮದ ಏಳನೆಯ ದಿನ ಟೆಸ್ಟೋಸ್ಟಿರಾನ್ ಏರಿತ್ತು ಎಂಬುದನ್ನಷ್ಟೇ ಹಂಚುತ್ತಾರೆ. ಭಾಗವಹಿಸಿದವರು 28 ಮಂದಿ ಮತ್ತು ಆ ದಿನದ ನಂತರ ಅಂಥ ಏರಿಕೆ ಮುಂದುವರಿಯಲಿಲ್ಲ ಎಂಬುದನ್ನು ಬಿಡುತ್ತಾರೆ. ಇದರಲ್ಲಿ ನಮ್ಮ ಹಿರಿಯರ ಪಾತ್ರವೂ ಇಲ್ಲ. ಹಸ್ತಮೈಥುನದಿಂದ ದೇಹ ಸೊರಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ವೈದ್ಯ ಟಿಸೊ 1760ರಲ್ಲೇ ಪುಸ್ತಕ ಬರೆದು ಯುರೋಪನ್ನು ಹೆದರಿಸಿದ್ದ. ಕಾರ್ನ್‌ಫ್ಲೇಕ್ಸ್‌ನ ಡಾ. ಕೆಲಾಗ್ ಕೂಡ ಅದೇ ಭಯದವನು. ಖಾರ ಮಸಾಲೆ ಕಾಮ ಕೆರಳಿಸುತ್ತದೆ, ಸಪ್ಪೆ ಊಟ ತಣಿಸುತ್ತದೆ ಎಂದು ನಂಬಿದ್ದ. (ಕಾರ್ನ್‌ಫ್ಲೇಕ್ಸ್ ಕಂಡುಹಿಡಿದದ್ದೇ ಆ ಚಟ ಬಿಡಿಸಲು ಎಂಬ ಫಾರ್ವರ್ಡ್ ಮಾತ್ರ ಉತ್ಪ್ರೇಕ್ಷೆ. ಅದು ಅವನ ಆರೋಗ್ಯಧಾಮದ ರೋಗಿಗಳಿಗೆ ಸುಲಭವಾಗಿ ಜೀರ್ಣವಾಗಲಿ ಎಂದು ಶುರುವಾದ ತಿಂಡಿಗಳಲ್ಲಿ ಒಂದು.) ಅವರ ಹಳೆಯ ಭಯ ಅವರಿಗೇ ಮರಳಿ ಬಂದಿದೆ, ಅದನ್ನು ನಾವು ನಮ್ಮ ಗೆಲುವು ಎಂದುಕೊಂಡಿದ್ದೇವೆ.

ಈಗ ಆ ಬಾಟಲಿ. ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

‘ಎಫ್‌ಡಿಎ ಅಪ್ರೂವ್ಡ್’ ಎಂಬುದು ಸುಳ್ಳು. ಅಮೆರಿಕದಲ್ಲಿ ಇಂಥ ಗಿಡಮೂಲಿಕೆ ಕ್ಯಾಪ್ಸೂಲ್‌ಗಳು ಔಷಧವಲ್ಲ, ‘ಆಹಾರ ಪೂರಕ’. 1994ರ ಕಾನೂನಿನಂತೆ ಇವುಗಳನ್ನು ಮಾರುವ ಮೊದಲು ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ‘ಶಕ್ತಿ ಹೆಚ್ಚಿಸುತ್ತದೆ’ ಎಂಬಂಥ ಮಾತು ಲೇಬಲ್ ಮೇಲಿದ್ದರೆ, ಈ ಹೇಳಿಕೆಯನ್ನು ಎಫ್‌ಡಿಎ ಪರಿಶೀಲಿಸಿಲ್ಲ, ಇದು ಯಾವ ರೋಗವನ್ನೂ ಗುಣಪಡಿಸಲಿಕ್ಕಲ್ಲ ಎಂದು ಕಂಪನಿಯೇ ಮುದ್ರಿಸಬೇಕು. ಅಕ್ಕ ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅದೇ ಇತ್ತು. ‘ಎಫ್‌ಡಿಎ’ ಎಂಬ ಮೂರಕ್ಷರ ಕಂಡದ್ದೇ ಚಿಕ್ಕಪ್ಪನಿಗೆ ಒಪ್ಪಿಗೆಯ ಮುದ್ರೆಯಾಗಿರಬೇಕು.

ಹೊರಗೆ ಬರೆದಿಲ್ಲದ್ದು ಒಳಗೆ ಇರಬಹುದು ಎಂಬುದು ಇದಕ್ಕಿಂತ ದೊಡ್ಡ ತೊಂದರೆ. 2007ರಿಂದ 2016ರವರೆಗೆ ಎಫ್‌ಡಿಎ ಎಚ್ಚರಿಕೆ ಕೊಟ್ಟ ಕಲಬೆರಕೆ ಪೂರಕಗಳು 776. ಅದರಲ್ಲಿ 353 ಲೈಂಗಿಕ ಶಕ್ತಿಯವು. ಅವುಗಳಲ್ಲಿ ಗುಟ್ಟಾಗಿ ಬೆರೆಸಿದ್ದು ಹೆಚ್ಚಾಗಿ ಸಿಲ್ಡೆನಾಫಿಲ್, ಅಂದರೆ ವಯಾಗ್ರದ ಔಷಧ. ‘ಗಿಡಮೂಲಿಕೆ ಅರ್ಧ ಗಂಟೇಲಿ ಕೆಲಸ ಮಾಡ್ತು’ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದು ಇದೇ ಅನುಮಾನ.

ಸಿಲ್ಡೆನಾಫಿಲ್ ವೈದ್ಯರು ಬರೆದುಕೊಡುವ ಒಳ್ಳೆಯ ಔಷಧವೇ. ಆದರೆ ನಮ್ಮ ಭಾವನಿಗೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಎದೆ ಹಿಡಿದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಅವರ ಅಂಗಿ ಜೇಬಿನಲ್ಲಿ ಸದಾ ಇರುತ್ತದೆ. ಅದು ನೈಟ್ರೇಟ್. ರಕ್ತನಾಳವನ್ನು ಸಡಿಲಿಸುವ ಒಂದು ವಸ್ತುವನ್ನು ನೈಟ್ರೇಟ್ ದೇಹದಲ್ಲಿ ಹೆಚ್ಚಿಸುತ್ತದೆ, ಸಿಲ್ಡೆನಾಫಿಲ್ ಅದೇ ವಸ್ತು ನಾಶವಾಗದಂತೆ ತಡೆಯುತ್ತದೆ. ಕೆರೆಗೆ ನೀರು ಬಿಟ್ಟು ತೂಬು ಮುಚ್ಚಿದ ಹಾಗೆ. ಎರಡೂ ಸೇರಿದರೆ ಬಿಪಿ ದಡಕ್ಕನೆ ಕುಸಿದು ಪ್ರಾಣವೇ ಹೋಗಬಹುದು. ಆ ಬಾಟಲಿಯಲ್ಲಿ ಸಿಲ್ಡೆನಾಫಿಲ್ ಇತ್ತೇ? ನಾವು ಪರೀಕ್ಷೆ ಮಾಡಿಸಿಲ್ಲ. ಬಾಟಲಿ ಓದಿ ತಿಳಿಯಲು ಸಾಧ್ಯವಿಲ್ಲ ಎಂಬುದೇ ಭಾವನಿಗಿದ್ದ ಅಪಾಯ. ಇಂಥ ಕ್ಯಾಪ್ಸೂಲ್ ತೆಗೆದುಕೊಂಡವರಿಗೆ ಎದೆನೋವು ಬಂದರೆ, ನಾಚಿಕೆ ಪಕ್ಕಕ್ಕಿಟ್ಟು ಆಸ್ಪತ್ರೆಯಲ್ಲಿ ಮೊದಲು ಅದನ್ನೇ ಹೇಳಿ. ಇಲ್ಲದಿದ್ದರೆ ಅವರು ಮೊದಲು ಕೊಡುವುದೇ ನೈಟ್ರೇಟ್ ಆಗಿರಬಹುದು.

ಆಯುರ್ವೇದದ ಹೆಸರಿನ ಉತ್ಪನ್ನಗಳಿಗೆ ಇನ್ನೊಂದು ಲೆಕ್ಕವಿದೆ. ಬಾಸ್ಟನ್ ಸುತ್ತಲಿನ ದಕ್ಷಿಣ ಏಷ್ಯಾದವರ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ 70 ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು ಎಂದು 2004ರಲ್ಲಿ ಪ್ರಕಟವಾಯಿತು. 2008ರಲ್ಲಿ ಇಂಟರ್ನೆಟ್ ಮೂಲಕ ಕೊಂಡ 193ನ್ನು ಪರೀಕ್ಷಿಸಿದಾಗಲೂ ಐದಕ್ಕೊಂದರಲ್ಲಿ ಸಿಕ್ಕಿತು, ಅಮೆರಿಕದಲ್ಲೇ ತಯಾರಾದವು ಇದಕ್ಕೆ ಹೊರತಾಗಿರಲಿಲ್ಲ. ಭಸ್ಮಗಳಲ್ಲಿ ಲೋಹವನ್ನು ಉದ್ದೇಶಪೂರ್ವಕವಾಗಿ, ಶೋಧನೆ ಮಾಡಿ ಬಳಸುತ್ತೇವೆ ಎಂದು ಆಯುರ್ವೇದದವರು ಹೇಳುತ್ತಾರೆ. ಇರಲಿ, ಆದರೆ ಸೀಸ ರಕ್ತಕ್ಕೆ ಸೇರಿದ ಮೇಲೆ ಅದಕ್ಕೆ ಶಾಸ್ತ್ರ ತಿಳಿಯದು.

ನಮ್ಮಲ್ಲಿ ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿಯ ಜಾಹೀರಾತನ್ನು 1954ರ ಕಾನೂನೇ ನಿಷೇಧಿಸಿದೆ. ಬಸ್‌ಸ್ಟ್ಯಾಂಡಿನ ಶೌಚಾಲಯದ ಗೋಡೆಗೆ ಈ ಸುದ್ದಿ ಇನ್ನೂ ತಲುಪಿಲ್ಲ. ಹಾಗೆಂದು ಕನ್ನಡದಲ್ಲಿ ಈ ವಿಷಯ ಮಾತಾಡುವವರೇ ಇರಲಿಲ್ಲ ಎಂದಲ್ಲ. ವೈದ್ಯೆ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು ದಶಕಗಳೇ ಕಳೆದಿವೆ.

ಭಾವ ಕೊನೆಗೆ ಬಾಟಲಿ ಹಿಡಿದು ಡಾಕ್ಟರ ಬಳಿ ಹೋದರು. (ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಊರು ಬೇಡ ಅಂದರು.) ಡಾಕ್ಟರು ಬಾಟಲಿ ಪಕ್ಕಕ್ಕಿಟ್ಟು ಸಕ್ಕರೆ ಪರೀಕ್ಷೆಗೆ ಬರೆದರು. ಸಕ್ಕರೆ ಇತ್ತು, ಭಾವನಿಗೆ ಗೊತ್ತೇ ಇರಲಿಲ್ಲ. ನಿಮಿರುವಿಕೆಯ ತೊಂದರೆ ಎಷ್ಟೋ ಸಲ ಸಕ್ಕರೆ ಕಾಯಿಲೆಯ ಅಥವಾ ರಕ್ತನಾಳ ಕಟ್ಟಿಕೊಳ್ಳುತ್ತಿರುವುದರ ಸೂಚನೆ. ಆ ಭಾಗದ ನಾಳಗಳು ಹೃದಯದವಕ್ಕಿಂತ ಸಣ್ಣವು, ಹಾಗಾಗಿ ತೊಂದರೆ ಮೊದಲು ಅಲ್ಲಿ ಕಾಣಿಸಿಕೊಳ್ಳಬಹುದು. ಗುಟ್ಟಾಗಿ ಕ್ಯಾಪ್ಸೂಲ್ ನುಂಗಿದರೆ ಈ ಸೂಚನೆಯೇ ಮುಚ್ಚಿಹೋಗುತ್ತದೆ.

ಚಿಕ್ಕಪ್ಪನಿಗೆ ಫೋನ್ ಮಾಡಿದಾಗ ಜಗಳವಾಗುತ್ತದೆ ಅಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಾನೂ ಅದನ್ನೇ ತಗೊಳ್ತಿದೀನಿ ಕಣಮ್ಮ. ಇಲ್ಲಿನ ಡಾಕ್ಟರ್ ಹತ್ರ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ’ ಎಂದರು. ಇಪ್ಪತ್ತಾರು ವರ್ಷ ಆ ದೇಶದಲ್ಲಿದ್ದಾರೆ, ಬಿಪಿ ಮಾತ್ರೆ ನುಂಗುತ್ತಿದ್ದಾರೆ. ಮುಂದಿನ ಸಲ ಬಾಟಲಿ ಜೊತೆಗೇ ಒಯ್ಯಲು ಒಪ್ಪಿದರು. ಆ ವಾಯ್ಸ್ ನೋಟ್ ಅಳಿಸಲು ನೋಡಿದರಂತೆ, ಎಲ್ಲರ ಫೋನಿನಿಂದ ಅಳಿಸುವ ಗಡುವು ಎರಡೂವರೆ ದಿನ, ಅದು ಎಂದೋ ಮುಗಿದಿತ್ತು. ಅದೇ ಗುಂಪಿಗೆ ಇನ್ನೊಂದು ಕಳಿಸಿದ್ದಾರೆ, 40 ಸೆಕೆಂಡಿನದು. ಅದು ಇನ್ನೂ ಯಾರಿಂದಲೂ ನನಗೆ ಫಾರ್ವರ್ಡ್ ಆಗಿ ಬಂದಿಲ್ಲ.